ಮೇಲಿನಿಂದ ಕಂಡ ಕಾಂಡ್ಲ

“ಹ್ವಾಯ್, ಒಳಗಿನ ಗಿಡ ಬದ್ಕಿತಾ ಅಂತ ಒಂದ್ ಸಲ ಕಂಡ್ಕಂಡ್ ಬನ್ನಿ.”

ಗುಲಾಬಿ ತನ್ನ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡೇ ಹೇಳಿದಳು. ಗಂಡ ಹೆರಿಯಣ್ಣ ಪಕ್ಕದ ಸ್ಟೂಲಿನಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದ. ತಲೆ ಎತ್ತಲಿಲ್ಲ.

“ನೀ ಮೊದ್ಲ್ ಗುಣ ಆಗ್. ಇಬ್ರೂ ಒಟ್ಟಿಗೇ ಹೋಪ,” ಅಂದ.

ಅವಳು ನಕ್ಕ ಹಾಗೆ ಕಂಡಿತು. ಕಣ್ಣು ಮುಚ್ಚಿದಳು. ನಿದ್ದೆ ಬಂತು ಅಂದುಕೊಂಡ. ತೊಳೆ ಬಿಡಿಸಿ ತಟ್ಟೆಯಲ್ಲಿಟ್ಟ. ಒಂದೊಂದೇ ಬೀಜ ತೆಗೆದ. ಅವಳು ಮತ್ತೆ ಏಳಲಿಲ್ಲ.

ಗಿಡ ಅಂದರೆ ಕಾಂಡ್ಲ ಗಿಡ. ಹೊಳೆ ಸಮುದ್ರ ಸೇರುವ ಕಡೆ, ಉಪ್ಪು ನೀರಿನ ಕೆಸರಿನಲ್ಲಿ, ಬೇರುಗಳನ್ನು ಕಾಲಿನ ಹಾಗೆ ಊರಿಕೊಂಡು ನಿಲ್ಲುತ್ತದೆ. ಆ ಹೊಳೆಯ ನಡುವೆ ಒಂದು ಕುದ್ರು ಇತ್ತು. ಸುತ್ತ ನೀರು, ನಡುವೆ ತಗ್ಗು ನೆಲ. ದಡ ಕುಸಿಯಬಾರದು ಅಂತ ಊರಿನ ಹೆಂಗಸರು ಸೇರಿ ಅಲ್ಲಿ ಕಾಂಡ್ಲ ನೆಟ್ಟಿದ್ದರು. ಗುಲಾಬಿಯ ಪಾಲಿಗೆ ಬಂದದ್ದು ಒಳಗಿನ ಜಾಗ.

ಮರುವರ್ಷ ನೆರೆ ಬಂತು. ಕುದ್ರುವಿನ ಒಳಗೆ ಹೋಗುವ ಸಣ್ಣ ತೋಡಿನ ಬಾಯಿಗೆ ಹೂಳು ತುಂಬಿತು. ದೋಣಿ ಹೋಗದ ಹಾಗೆ ಆಯಿತು. ಅದೇ ವರ್ಷ ಅವಳಿಗೆ ಕಾಯಿಲೆ ಬಂತು.

ಅವಳು ಹೋಗಿ ಎರಡು ಮಳೆಗಾಲ ಕಳೆಯಿತು. ಹೆರಿಯಣ್ಣ ಬಲೆ ಹಾಕುವುದು ಬಿಟ್ಟು, ಬಂದ ಜನರನ್ನು ಕಯಾಕಿನಲ್ಲಿ ಕೂರಿಸಿ ಹೊಳೆ ತೋರಿಸುವ ಕೆಲಸಕ್ಕೆ ಸೇರಿದ್ದ. ಕಯಾಕ್ ಅಂದರೆ ಇಬ್ಬರು ಹಿಂದೆಮುಂದೆ ಕೂರುವ ಪ್ಲಾಸ್ಟಿಕ್ಕಿನ ಸಪೂರ ದೋಣಿ. ದಿನಾ ಆ ತೋಡಿನ ಬಾಯಿಯವರೆಗೆ ಹೋಗುತ್ತಿದ್ದ. ಅಲ್ಲಿ ಒಂದು ಗಳಿಗೆ ಹುಟ್ಟು ನಿಲ್ಲಿಸುತ್ತಿದ್ದ. ಮತ್ತೆ ತಿರುಗಿಸುತ್ತಿದ್ದ.

ಯಾರಾದರೂ ಗಿಡದ ಸುದ್ದಿ ತೆಗೆದರೆ ಒಂದೇ ಮಾತು. “ಒಳಗೆ ದೋಣಿ ಹೋತಿಲ್ಲೆ.”

ಸುಳ್ಳಲ್ಲ. ದೋಣಿ ಹೋಗುತ್ತಿರಲಿಲ್ಲ. ಆದರೆ ಇಳಿತದ ಹೊತ್ತಿಗೆ ನಡೆದು ಹೋಗಬಹುದಿತ್ತು. ತೊಡೆವರೆಗೆ ಕೆಸರು, ಅಷ್ಟೆ. ಚಿಪ್ಪು ಹೆಕ್ಕಲು ಸಣ್ಣವನಿದ್ದಾಗಿನಿಂದ ಅವನು ಅದೇ ಕೆಸರಿನಲ್ಲಿ ನಡೆದವನು. ಊರಿಗೆಲ್ಲ ಅದು ಗೊತ್ತಿತ್ತು. ಯಾರೂ ಆಡುತ್ತಿರಲಿಲ್ಲ. ದಡದಲ್ಲಿ ಚಾ ಅಂಗಡಿ ಇಟ್ಟುಕೊಂಡಿದ್ದ ವಾಸಂತಿ ಮಾತ್ರ ಬಿಡುತ್ತಿರಲಿಲ್ಲ. ಅವಳು ಗುಲಾಬಿಯ ಜೊತೆ ಗಿಡ ನೆಟ್ಟವಳು.

“ದೋಣಿ ಹೋಗ್ದಿದ್ರೆ ನಿಮ್ಗೆ ಕಾಲಿಲ್ಯಾ?” ಅನ್ನುತ್ತಿದ್ದಳು.

“ಮಂಡಿ ನೋವು.”

“ಮಂಡಿ ನೋವಿನವ್ರು ದಿನಾ ಬೆಳಿಗ್ಗೆ ನಾಲ್ಕ್ ದೋಣಿ ನೀರಿಗೆ ಎಳೀತ್ರಾ?”

ಹೆರಿಯಣ್ಣ ಚಾ ಕುಡಿದು ಎದ್ದು ಹೋಗುತ್ತಿದ್ದ.

ಅವನಿಗೆ ಹೆದರಿಕೆ ಇತ್ತು. ಹೋಗಿ ನೋಡಿದರೆ ಗಿಡ ಸತ್ತಿರಬಹುದು. ನೋಡದೆ ಇದ್ದರೆ ಬದುಕಿದೆ ಅಂದುಕೊಳ್ಳಬಹುದು. ಇನ್ನೊಂದೂ ಇತ್ತು. ಒಟ್ಟಿಗೇ ಹೋಗುವ ಅಂತ ಅವಳಿಗೆ ಹೇಳಿದ್ದ. ಒಬ್ಬನೇ ಹೋದರೆ ಅವಳು ಇಲ್ಲ ಅಂತ ಒಪ್ಪಿಕೊಂಡ ಹಾಗೆ.

ಹೀಗಿರುವಾಗ ಒಂದು ದಿನ ಪೇಟೆಯ ಸ್ಟುಡಿಯೋದ ಸದಾನಂದ ಬಂದ. ಮದುವೆ, ಗೃಹಪ್ರವೇಶ ಅಂತ ವೀಡಿಯೋ ತೆಗೆಯುವವನು. ಮೈ ಸ್ವಲ್ಪ ಜಾಸ್ತಿ, ಬಾಯಿ ಇನ್ನೂ ಜಾಸ್ತಿ. ಕಯಾಕಿನವರು ಹೊಳೆಯ ವೀಡಿಯೋ ಮಾಡಿಕೊಡಲು ಅವನಿಗೆ ಹೇಳಿದ್ದರು. ಅವನು ಪೆಟ್ಟಿಗೆಯಿಂದ ಅಂಗೈ ಅಗಲದ ಒಂದು ವಸ್ತು ತೆಗೆದು ಅದರ ನಾಲ್ಕು ಕೈ ಬಿಡಿಸಿದ.

“ಇದೆಂತ ಮಾರ್ರೆ, ಏಡಿಯಾ?” ಅಂದ ಹೆರಿಯಣ್ಣ.

“ಡ್ರೋನ್ ಹೆರಿಯಣ್ಣ. ಏಡಿ ಅಂದ್ರೆ ಇದಕ್ಕೆ ಸಿಟ್ಟ್ ಬತ್ತ್.”

“ಕಚ್ಚತ್ತಾ?”

“ರೆಕ್ಕೆಗೆ ಕೈ ಕೊಟ್ರೆ ಕಚ್ಚತ್ತ್.”

ಇಬ್ಬರೂ ಹೊರಟರು. ಸದಾನಂದ ಮುಂದೆ ಕೂತ, ಹೆರಿಯಣ್ಣ ಹಿಂದೆ. ಇಳಿತ ಆಗಷ್ಟೇ ಶುರುವಾಗಿತ್ತು. ತೋಡಿನ ಬಾಯಿಯ ಹೊರಗೆ ಸೊಂಟದಷ್ಟು ನೀರು.

“ಇಲ್ಲಿಂದಲೇ ಹಾರಿಸ್ವ,” ಅಂದ ಸದಾನಂದ. “ದೋಣಿ ಅಲುಗಾಡಿದ್ರೆ ಇದು ಏಳುದಿಲ್ಲ. ಸ್ವಲ್ಪ ಹೊತ್ತು ಕಲ್ಲಿನ ಹಾಗೆ ನಿಲ್ಸಿ.”

ಹೆರಿಯಣ್ಣ ಹುಟ್ಟನ್ನು ನೆಟ್ಟಗೆ ಕೆಸರಿಗೆ ಊರಿದ. ಎರಡೂ ಕೈಯಲ್ಲಿ ಹಿಡಿದ. ದೋಣಿ ನಿಂತಿತು. ಸದಾನಂದ ಅಂಗೈ ಚಾಚಿ ಅದರ ಮೇಲೆ ಡ್ರೋನ್ ಇಟ್ಟ. ಅದು ಜೇನಿನ ಹಾಗೆ ಗುಂಯ್ ಅಂದಿತು. ಅಂಗೈ ಬಿಟ್ಟು ಎದ್ದಿತು.

“ಎಲ್ಲಿಂದ ಎದ್ದದ್ದು ಅಂತ ಅದಕ್ಕೆ ನೆನಪಿರತ್ತ್,” ಅಂದ ಸದಾನಂದ, ಡ್ರೋನ್ ಕಂಡದ್ದನ್ನೆಲ್ಲ ತೋರಿಸುವ ಮೊಬೈಲನ್ನು ಎತ್ತಿ ಹಿಡಿದು. “ಈ ಮನೆ ಚಿತ್ರ ಒತ್ತಿದ್ರೆ ಆಯ್ತ್. ಎಲ್ಲಿದ್ರೂ ಸೀದಾ ಮನೆಗೇ ಬತ್ತ್.”

“ಮನೆ ಅಂದ್ರೆ?”

“ಇದೇ ಜಾಗ. ನಾವೀಗ ಇಪ್ಪ ಜಾಗ.”

ಸದಾನಂದ ಅಲ್ಲಿಯವರೆಗೆ ಡ್ರೋನ್ ಹಾರಿಸಿದ್ದೆಲ್ಲ ಮದುವೆ ಹಾಲಿನ ಅಂಗಳದಲ್ಲಿ. ಅಂಗಳ ಎಲ್ಲಿಗೂ ಹೋಗುವುದಿಲ್ಲ.

ಡ್ರೋನ್ ಹೊಳೆಯ ಮೇಲೆ ಅತ್ತಿತ್ತ ಹೋಗಿ ಬಂತು. ಹೆರಿಯಣ್ಣ ತಲೆ ಎತ್ತಿ ನೋಡುತ್ತಲೇ ಇದ್ದ. ಯಾರ ಹತ್ತಿರವೂ ಏನೂ ಕೇಳುವವನಲ್ಲ ಅವನು. ಅವತ್ತು ಕೇಳಿದ.

“ಸ್ವಲ್ಪ ಒಳಗೆ ಕಳ್ಸುಕ್ ಆತ್ತಾ? ಕುದ್ರು ನಡುವಿಗೆ.”

“ಅಲ್ಲಿ ಎಂತ ಇತ್ತ್?”

“ನಮ್ಮವ್ಳ್ ನೆಟ್ಟ ಗಿಡ.”

ಸದಾನಂದನ ಬಾಯಿಗೆ ಆಗ ತಮಾಷೆ ಬರಲಿಲ್ಲ. ಡ್ರೋನನ್ನು ಒಳಗೆ ತಿರುಗಿಸಿದ.

“ಹಾಂ, ಬಂತ್ ಬಂತ್. ಕಾಣಿ,” ಅಂತ ಮೊಬೈಲನ್ನು ಹಿಂದಕ್ಕೆ ಹಿಡಿದ.

ಬಿಸಿಲು. ಗಾಜಿನಲ್ಲಿ ಹೆರಿಯಣ್ಣನಿಗೆ ಕಂಡದ್ದು ತನ್ನ ಮುಖ. ಅವನು ಹುಟ್ಟನ್ನು ಕೆಸರಿನಿಂದ ಕಿತ್ತು ತೊಡೆಯ ಮೇಲೆ ಅಡ್ಡ ಇಟ್ಟ. ಎರಡೂ ಕೈಯಿಂದ ಮೊಬೈಲಿಗೆ ನೆರಳು ಮಾಡಿದ. ಬಗ್ಗಿದ. ಏನೋ ಹಸಿರು. ಅದೋ, ಅದರ ನೆರಳೋ. ಇನ್ನೂ ಬಗ್ಗಿದ.

ಇಳಿತಕ್ಕೆ ಸದ್ದು ಇಲ್ಲ. ನೀರು ದೋಣಿಯನ್ನು ಮೆಲ್ಲಗೆ ಕರೆದುಕೊಂಡು ಹೊರಟಿತು. ಹುಟ್ಟಿದಾಗಿನಿಂದ ಹೊಳೆಯಲ್ಲಿ ಇದ್ದವನಿಗೆ ಅದು ತಿಳಿಯಲಿಲ್ಲ.

ಮೊಬೈಲು ಕಿಣಿಕಿಣಿ ಅಂದಿತು.

“ಬ್ಯಾಟರಿ ಮುಗೀತಾ ಬಂತ್,” ಅಂದ ಸದಾನಂದ. ಮನೆಯ ಚಿತ್ರ ಒತ್ತಿದ.

ಡ್ರೋನ್ ಹೇಳಿದ ಮಾತು ಕೇಳಿತು. ಕಾಂಡ್ಲದ ಮೇಲೆ ಸೀದಾ ಹಾರಿ ಬಂತು. ತಾನು ಎದ್ದ ಜಾಗದ ಮೇಲೆಯೇ ನಿಂತಿತು. ಅಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ದೋಣಿ ಹದಿನೈದು ಮಾರು ಕೆಳಗೆ ಬಂದಿತ್ತು.

“ಅಯ್ಯಯ್ಯೋ! ಅಲ್ಲಲ್ಲ, ಇಲ್ಲಿ ಬಾ, ಇಲ್ಲಿ!” ಸದಾನಂದ ಕರುವನ್ನು ಕರೆದ ಹಾಗೆ ಕರೆದ. ಗುಂಡಿಗಳನ್ನೆಲ್ಲ ಒತ್ತಿದ. ಡ್ರೋನ್ ಇಳಿಯತೊಡಗಿತು.

“ಗಿಡದ ಚಿತ್ರ ಅದ್ರೊಳಗಿತ್ತಾ?” ಹೆರಿಯಣ್ಣ ಕೇಳಿದ.

“ಅದ್ರೊಳಗೇ ಇತ್ತ್. ಎಲ್ಲ ಅದ್ರೊಳಗೇ.”

ಹೆರಿಯಣ್ಣ ಹುಟ್ಟು ಹಾಕಿದ. ನೀರಿಗೆ ಎದುರು. ಹೆಗಲು ಕಳಚಿ ಬರುವ ಹಾಗೆ ಹಾಕಿದ. ದೋಣಿ ಓಲಾಡಿತು.

“ಬಿಡಿ ಹೆರಿಯಣ್ಣ, ಮಗುಚತ್ತ್! ನಂಗೆ ಈಜು ಬತ್ತಿಲ್ಲೆ!”

“ಮೈಗೆ ಜಾಕೀಟಿತ್ತಲ್ದಾ? ಸುಮ್ನೆ ಕೂಕಣಿ.”

ಡ್ರೋನ್ ನೀರಿಗೆ ಒಂದು ಗೇಣು ಮೇಲೆ ಇತ್ತು. ಅದರ ಗಾಳಿಗೆ ನೀರು ಗುಂಡಗೆ ನಡುಗುತ್ತಿತ್ತು. ಹೆರಿಯಣ್ಣ ಹುಟ್ಟು ಬಿಟ್ಟ. ಒಂದು ಬದಿಗೆ ವಾಲಿ ಅದರ ಅಡಿಗೆ ಅಂಗೈ ಕೊಟ್ಟ. ಅದು ಕೈಯ ಮೇಲೆ ಕೂತಿತು. ಅವಸರದಲ್ಲಿ ಇನ್ನೊಂದು ಕೈಯಿಂದಲೂ ಹಿಡಿದ. ರೆಕ್ಕೆ ಬೆರಳಿಗೆ ಬಡಿಯಿತು. ಬಿಡಲಿಲ್ಲ. ಹಿಡಿದ ಕೋಳಿಯ ಹಾಗೆ ಮಡಿಲಿಗೆ ಒತ್ತಿಕೊಂಡ. ಕಡೆಗೆ ಅದು ಸುಮ್ಮನಾಯಿತು.

ಬೆರಳಿನಿಂದ ರಕ್ತ ಸುರಿಯುತ್ತಿತ್ತು. ಹೆರಿಯಣ್ಣ ಡ್ರೋನ್ ಇಳಿಯಲು ಹೊರಟಿದ್ದ ನೀರನ್ನೇ ನೋಡುತ್ತಾ ಕೂತ. ಡ್ರೋನಿನದ್ದು ತಪ್ಪಿಲ್ಲ. ಹೊರಟ ಜಾಗಕ್ಕೇ ಬಂದಿತ್ತು. ಆ ಜಾಗದಲ್ಲಿ ದೋಣಿ ಇರಲಿಲ್ಲ. ತಾನೂ ಹಾಗೇ ನಿಂತಿದ್ದೇನೆ ಅನಿಸಿತು. ಒಟ್ಟಿಗೇ ಹೋಪ ಅಂದ ಮಾತಿನ ಮೇಲೆ, ಎರಡು ವರ್ಷ. ಕೆಳಗೆ ನೀರು ಹರಿದೇ ಹೋಗಿತ್ತು.

ಹುಟ್ಟು ತೇಲಿ ಹೋಗಿತ್ತು. ಕೈಯಲ್ಲೇ ನೀರು ತಳ್ಳಿ, ಅದನ್ನು ಹಿಡಿದು, ದಡಕ್ಕೆ ಬಂದರು.

ವಾಸಂತಿ ಬೆರಳಿಗೆ ಕಾಫಿ ಪುಡಿ ಒತ್ತಿ ಬಟ್ಟೆ ಕಟ್ಟಿದಳು. “ಕೆಸರಿಗೆ ಇಳಿದಿದ್ರೆ ಕಾಲು ತೊಳೆದ್ರೆ ಮುಗೀತಿತ್ತ್,” ಅಂದಳು.

ಸದಾನಂದ ಅಂಗಡಿಯ ನೆರಳಿನಲ್ಲಿ ಲ್ಯಾಪ್‌ಟಾಪ್ ತೆರೆದ. ಚಿತ್ರ ಬಂತು. ಈಗ ಚೆನ್ನಾಗಿ ಕಂಡಿತು. ಕುದ್ರು ಪೂರಾ ಹಸಿರು. ಒಂದೇ ಹಸಿರು. ಕಂಬಳಿ ಹಾಸಿದ ಹಾಗೆ.

“ಬದ್ಕಿತ್ತಲೆ, ಹೆರಿಯಣ್ಣ! ಎಲ್ಲ ಬದ್ಕಿತ್ತ್!”

ಹೆರಿಯಣ್ಣ ಮುಖ ಹತ್ತಿರ ತಂದು ನೋಡಿದ. ಎರಡು ವರ್ಷ ಕಾಣಬೇಕು ಅಂದುಕೊಂಡದ್ದು ಎದುರಿಗಿತ್ತು. ಎದೆ ಮಾತ್ರ ತಣಿಯಲಿಲ್ಲ.

“ಇದ್ರಲ್ಲಿ ಅವಳದ್ದು ಯಾವ್ದು?” ಅಂದ.

ಸದಾನಂದ ಚಿತ್ರ ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಹಸಿರು ಒಡೆದು ಚೂರು ಚೂರಾಯಿತು. ಗಿಡ ಕಾಣಲಿಲ್ಲ.

“ಮೇಲಿಂದ ಗೊತ್ತಾತಿಲ್ಲೆ,” ಅಂದಳು ವಾಸಂತಿ. “ಬುಡಕ್ಕೆ ಹೋಯಿ ಕಾಣ್ಕ್. ಎಲ್ಲರೂ ಒಂದ್ ಕಡೆಗೆ ಒಂದೇ ಬೀಜದ ಕೋಡು ಊರಿರೆ, ಅವ್ಳು ಎರಡೆರಡು ಊರ್ತಿದ್ದಳ್. ಗಿಡ ನೆಡ್ಸುಕೆ ಬಂದ ಮೇಸ್ತ್ರಿ ಬೈದ್ರೂ ಬಿಡ್ತಿರ್ಲಿಲ್ಲೆ. ಒಂದೇ ನೆಟ್ರೆ ಅದಕ್ಕೆ ಮಾತಾಡುಕೆ ಯಾರಿದ್ರ್ ಅಂತ ಅವ್ರಿಗೇ ತಿರುಗಿ ಕೇಂತಿದ್ದಳ್.”

ಹೆರಿಯಣ್ಣನಿಗೆ ಇದು ಗೊತ್ತಿರಲಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಇದ್ದ. ಕೇಳಿರಲಿಲ್ಲ. ಅವಳು ಹಾಗೆ ಹೇಳುವಾಗಿನ ದನಿ ಮಾತ್ರ ಕಿವಿಗೆ ಬಂದ ಹಾಗಾಯಿತು.

“ಚಿತ್ರ ದೊಡ್ಡದು ಮಾಡಿ ಚೌಕಟ್ಟು ಹಾಕ್ಸಿ ಕೊಡ್ತೆ,” ಅಂದ ಸದಾನಂದ. “ಗೋಡೆಗೆ ಹಾಕಿ. ದಿನಾ ಕಾಣ್ಲಕ್ಕ್.”

“ಬ್ಯಾಡ ಮಾರ್ರೆ,” ಅಂದ ಹೆರಿಯಣ್ಣ. “ಗೋಡೆಗೆ ಬ್ಯಾಡ.”

ಮರುದಿನ ಬೆಳಿಗ್ಗೆ ಅವನು ಒಬ್ಬನೇ ಹೋದ. ತೋಡಿನ ಬಾಯಿಯಲ್ಲಿ ದೋಣಿ ಕಟ್ಟಿದ. ನೀರು ಇಳಿಯುವುದನ್ನು ಕೂತು ಕಾದ. ಆಮೇಲೆ ಲುಂಗಿ ಎತ್ತಿ ಕಟ್ಟಿ ಕೆಸರಿಗೆ ಕಾಲಿಟ್ಟ. ಮಂಡಿ ಮುಳುಗಿತು. ತೊಡೆ ಮುಳುಗಿತು. ಒಂದು ಕಾಲು ಕಿತ್ತು ಇನ್ನೊಂದು ಊರುತ್ತಾ ಒಳಗೆ ನಡೆದ.

ಒಂಟಿ ಗಿಡಗಳನ್ನು ದಾಟಿದ. ಆಮೇಲೆ ಸಿಕ್ಕಿದವು, ಒಂದೇ ಬುಡದಲ್ಲಿ ಎರಡೆರಡು. ಅವನ ಎದೆಯೆತ್ತರ ಬೆಳೆದಿದ್ದವು. ಕೆಲವು ಕಡೆ ಎರಡೂ ಇದ್ದವು. ಕೆಲವು ಕಡೆ ಒಂದು ಒಣಗಿ ಒಂದು ಉಳಿದಿತ್ತು. ಹತ್ತಿರ ಹೋಗಿ ಬಗ್ಗಿದ. ಮೇಲಿನಿಂದ ಕಾಣದ್ದು ಆಗ ಕಂಡಿತು. ಉಬ್ಬರದಲ್ಲಿ ಬಂದ ಹರಕು ನೈಲಾನ್ ಬಲೆ ಗಿಡಗಳ ಕುತ್ತಿಗೆಗೆ ಸುತ್ತಿಕೊಂಡಿತ್ತು. ತೊಗಟೆಯೊಳಗೆ ಇಳಿದಿತ್ತು. ಮೇಲೆ ಎಲೆ ಹಸಿರು. ಕೆಳಗೆ ಉಸಿರು ಕಟ್ಟುತ್ತಿತ್ತು.

ಹೆರಿಯಣ್ಣ ಸೊಂಟದ ಕತ್ತಿ ತೆಗೆದ. ಒಂದು ಗಿಡವನ್ನು ಎಡಗೈಯಲ್ಲಿ ಮೆಲ್ಲಗೆ ಹಿಡಿದ. ಬಲೆಯ ಎಳೆ ಒಂದೊಂದೇ ಕೊಯ್ದು ಬಿಡಿಸಿದ. ಅದು ಮುಗಿದ ಮೇಲೆ ಅದರ ಪಕ್ಕದ್ದು. ಕಟ್ಟಿದ ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ಅವಸರ ಮಾಡಲಿಲ್ಲ. ಬಿಡಿಸಿದ ಚೂರುಗಳನ್ನು ಹೆಗಲಿಗೆ ಹಾಕಿಕೊಳ್ಳುತ್ತಾ ಹೋದ. ನೀರು ಮತ್ತೆ ಏರಿ ಸೊಂಟಕ್ಕೆ ಬರುವವರೆಗೂ ಬಿಡಿಸುತ್ತಲೇ ಇದ್ದ.

ನೀತಿ: ಹೋದವರು ನಮಗೆ ಬಿಟ್ಟು ಹೋದದ್ದನ್ನು ದೂರದಿಂದ ನೋಡಿದರೆ ಕಣ್ಣಿಗೆ ಸಮಾಧಾನ ಆಗುತ್ತದೆ, ಅಷ್ಟೆ. ಅದು ಬದುಕಬೇಕಾದರೆ ಕೆಸರಿಗೆ ಇಳಿದು ಕೈ ಹಾಕಬೇಕು. ಒಟ್ಟಿಗೆ ಹೋಗುತ್ತೇವೆ ಅಂದದ್ದು ಆಗದೆ ಹೋದರೆ, ಉಳಿದವರು ಒಬ್ಬರೇ ಆದರೂ ಹೋಗಬೇಕು.