ರೀಲ್ಸ್ ಬಡಿಸಿದವರು ಯಾರು?

ನಮ್ಮ ತವರಿನ ಕಡೆ ಚುನಾವಣೆಗೆ ನಿಂತಿದ್ದ ಚಿಕ್ಕರಂಗಪ್ಪನವರು ಮೊಬೈಲ್ ತೆರೆದರೆ ಸಾಕು, ಬರೀ ಎದುರಾಳಿಯ ರೀಲ್ಸೇ ಬರುತ್ತಿದ್ದವು. ಆ ಮೊಬೈಲನ್ನು ದಿನಾ ಚಾರ್ಜಿಗೆ ಹಾಕುತ್ತಿದ್ದವಳು ಮನೆಯ ಅಡುಗೆಯಾಕೆ.

"ನನ್ನ ಉಪ್ಪು ತಿಂದು ಅವರ ಕಡೆ ಸೇರಿದೆಯಾ? ಮೊಬೈಲಿಗೆ ಏನು ಮಾಡಿದೆ ಹೇಳು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ!" ಎಂದು ಗುಡುಗಿದರು.

"ಮೊದಲು ಊಟ ಮಾಡಿ ಯಜಮಾನ್ರೆ, ಹೇಳ್ತೀನಿ" ಎಂದು ಅವಳು ಎಲೆ ಹಾಕಿದಳು.

ಚಿಕ್ಕರಂಗಪ್ಪನವರಿಗೆ ಹಾಗಲಕಾಯಿ ಪಲ್ಯ ಕಂಡರಾಗದು. ಕಹಿ ಮೊದಲೇ ಮುಗಿದುಹೋಗಲಿ ಎಂದು ಅದನ್ನೇ ಗಬಗಬ ನುಂಗಿದರು. ಅವಳು ಮತ್ತೆ ಬಡಿಸಿದಳು. ಅದನ್ನೂ ನುಂಗಿದರು. ಮತ್ತೆ ಬಡಿಸಿದಳು.

"ಅಯ್ಯೋ, ಬೇಡದ್ದನ್ನೇ ಯಾಕಮ್ಮಾ ಬಡಿಸ್ತೀಯ?"

"ಬೇಡ ಅಂತ ನನಗೇನು ಗೊತ್ತು? ಎಲೆಯಲ್ಲಿ ಯಾವುದು ಬೇಗ ಖಾಲಿಯಾಯ್ತೋ ಅದನ್ನೇ ಬಡಿಸಿದೆ. ಮೊಬೈಲೂ ಹಂಗೇ. ಅವರು ಬೈಯೋದನ್ನ ನೀವು ಹಲ್ಲು ಕಡೀತಾ ಕೊನೇವರೆಗೂ ನೋಡ್ತೀರಿ. ನಿಮ್ಮ ಭಾಷಣ ಬಂದರೆ ಬೆರಳಲ್ಲಿ ತಳ್ಳಿಬಿಡ್ತೀರಿ."

ಚಿಕ್ಕರಂಗಪ್ಪನವರು ಎಡಗೈಯಲ್ಲಿ ಮೊಬೈಲ್ ಹಿಡಿದು ಅಲ್ಲೇ ತಮ್ಮ ಭಾಷಣ ನೋಡತೊಡಗಿದರು. ಅರ್ಧಕ್ಕೇ ಆಕಳಿಕೆ ಬಂತು. ಮೊಬೈಲನ್ನು ಮಗುಚಿಟ್ಟರು.

"ಇದಕ್ಕಿಂತ ಹಾಗಲಕಾಯಿನೇ ವಾಸಿ ಕಣಮ್ಮಾ, ಇನ್ನೊಂದು ಸೌಟು ಹಾಕು. ನಾಳೆ ಬಂದಾಗ ಮಾತ್ರ ಬೇರೆ ಪಲ್ಯ ಮಾಡು."