ಮುಚ್ಚಳದ ಮೇಲಿನ ಕುಂಕುಮ

“ಗುರುಗಳೇ, ಒಂದೇ ಮಾತನ್ನು ದಿನವೂ ಕೇಳುವವರಿಗೆ ಏನು ಉತ್ತರ ಕೊಡಬೇಕು?” ಎಂದು ಶಿಷ್ಯ ಕೇಳಿದ.

“ಯಾರು ಕೇಳುತ್ತಾರೆ?”

“ಅಡುಗೆಮನೆಯ ಅಜ್ಜ. ಬೆಳಿಗ್ಗೆ ಗಂಜಿ ಬಡಿಸುವಾಗ ‘ರಾತ್ರಿ ನಿದ್ದೆ ಬಂತೇನಪ್ಪ’ ಅನ್ನುತ್ತಾರೆ. ಮಠಕ್ಕೆ ಬಂದಾಗಿನಿಂದ ಇದೇ ಆಯಿತು. ಬಂದರೂ ಬಂತು ಅನ್ನುತ್ತೇನೆ, ಬರದಿದ್ದರೂ ಬಂತು ಅನ್ನುತ್ತೇನೆ. ಇದರಿಂದ ಅವರಿಗೇನು, ನನಗೇನು?”

ಗುರು ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಬಳಿ ಒಂದು ಹಳೆಯ ಮೋಟಾರ್ ಸೈಕಲ್ಲು ಇತ್ತು. ಅವನ ಅಪ್ಪ ಕೊಂಡದ್ದು. ಸುತ್ತಿನ ಊರುಗಳಲ್ಲಿ ಅಂಥ ಗಾಡಿ ಮತ್ತೊಂದು ಉಳಿದಿರಲಿಲ್ಲ. ಅದರ ಮೇಲೆ ಪಾತ್ರೆ ಕಟ್ಟಿಕೊಂಡು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಊರೂರು ಸುತ್ತುತ್ತಿದ್ದ. ಗಾಡಿ ಅವನು ಓಡಿಸುತ್ತಿದ್ದ. ವ್ಯಾಪಾರ ಅವಳು ಓಡಿಸುತ್ತಿದ್ದಳು.

ಮದುವೆಯಾದ ಹೊಸತರಲ್ಲಿ ಒಮ್ಮೆ ನಡುದಾರಿಯಲ್ಲಿ ಪೆಟ್ರೋಲ್ ಮುಗಿಯಿತು. ಸುಡು ಬಿಸಿಲು. ಅವನು ಗಾಡಿ ತಳ್ಳಿದ. ಅವಳು ಪಾತ್ರೆಯ ಗಂಟು ತಲೆಯ ಮೇಲೆ ಹೊತ್ತು ಹಿಂದೆ ನಡೆದಳು. ಊರ ಮುಂದೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ನೋಡಿದರು. “ಏನವ್ವ, ಗಾಡಿಗೆ ನಡೆಯೋದು ಕಲಿಸ್ತಾ ಇದೀರಾ?” ಎಂದು ನಕ್ಕರು.

ಅಂದಿನಿಂದ ಅವಳು ಕೇಳದೆ ಗಾಡಿ ಹತ್ತಲಿಲ್ಲ. “ಪೆಟ್ರೋಲ್ ಐತಾ ನೋಡ್ರಿ” ಅನ್ನುವಳು. ಇದೆ ಎಂದರೆ ಸಾಲದು. ಟ್ಯಾಂಕಿನ ಮುಚ್ಚಳ ತೆಗೆಯಬೇಕು. ಅವಳು ಇಣುಕಬೇಕು. ಆಮೇಲೆ ಸೀರೆ ಸರಿಮಾಡಿಕೊಂಡು ಕೂರುವಳು. ಮನೆಯಿಂದ ಹೊರಡುವಾಗ ಒಂದು ಸಲ. ಪ್ರತಿ ಊರಿನಲ್ಲಿ ವ್ಯಾಪಾರ ಮುಗಿಸಿ ಏಳುವಾಗ ಮತ್ತೊಂದು ಸಲ.

“ನಿನ್ನೆ ತಾನೆ ಹಾಕಿಸಿದ್ದೀನಲ್ಲ” ಎಂದು ಅವನು ಗೊಣಗುವನು.

“ನಿನ್ನೆ ಒಲೆ ಹಚ್ಚಿದ್ದೆ ಅಂತ ಇವತ್ತು ಹಚ್ಚದೆ ಇದ್ರೆ ನೀವು ಸುಮ್ನೆ ಇರ್ತೀರಾ? ತೆಗೀರಿ ಮುಚ್ಚಳ.”

ಅವನು ತೆಗೆಯುವನು.

ಆಯುಧಪೂಜೆಯ ದಿನ ಗಾಡಿ ತೊಳೆಯುವುದು ಅವನ ಕೆಲಸ. ಪೂಜೆ ಅವಳದು. ಹ್ಯಾಂಡಲಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಟ್ಯಾಂಕಿನ ಮುಚ್ಚಳದ ನಡುವೆ ಬೊಟ್ಟಿಡುವಳು. ಗಾಡಿಗೆ ಹಣೆ ಅದೇ ಅನ್ನುವಳು. ವರ್ಷ ವರ್ಷವೂ ಹಳೆಯ ಬೊಟ್ಟಿನ ಮೇಲೆಯೇ ಹೊಸದು.

ಒಂದು ವರ್ಷ ಆಯುಧಪೂಜೆ ಆಯಿತು. ದೀಪಾವಳಿಗೆ ಅವಳು ಇರಲಿಲ್ಲ. ಜ್ವರ ಬಂತು, ಹೋದಳು.

ತಿಥಿ ಮುಗಿಯಿತು. ಬಂದವರು ಹೋದರು. ವ್ಯಾಪಾರಿ ಪಾತ್ರೆ ಕಟ್ಟಿ ಗಾಡಿಯನ್ನು ಹೊರಗೆ ತಂದ. ಕಿಕ್ ಹೊಡೆದ. ಸ್ಟಾರ್ಟ್ ಆಗಲಿಲ್ಲ. ಅಂಗಿ ಬೆವರಿನಲ್ಲಿ ನೆನೆಯುವ ತನಕ ಹೊಡೆದ. ಇಂಜಿನ್ನು ಒಂದೆರಡು ಸಲ ಕೆಮ್ಮಿತು. ಸುಮ್ಮನಾಯಿತು.

ತಳ್ಳಿಕೊಂಡು ಮೆಕ್ಯಾನಿಕ್ ಬಳಿ ಹೋದ. ಮೆಕ್ಯಾನಿಕ್ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ. ಪೆಟ್ರೋಲ್ ಇತ್ತು. ಪ್ಲಗ್ ಬಿಚ್ಚಿ ಉಜ್ಜಿ ಹಾಕಿದ. ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ವ್ಯಾಪಾರಿ ಓಡಿಸಿಕೊಂಡು ಮನೆಗೆ ಬಂದ. ಮಾರನೆಯ ಬೆಳಿಗ್ಗೆ ಮತ್ತೆ ಅದೇ ಪಾಡು. ಮತ್ತೆ ತಳ್ಳಿಕೊಂಡು ಹೋದ. ಮೆಕ್ಯಾನಿಕ್ ಮುಚ್ಚಳ ತೆಗೆದು ನೋಡಿದ. ಕಾರ್ಬುರೇಟರ್ ಬಿಚ್ಚಿ ತೊಳೆದ. ಅಲ್ಲಿ ಸ್ಟಾರ್ಟ್ ಆಯಿತು. ಮನೆಯಲ್ಲಿ ಆಗಲಿಲ್ಲ. ಇನ್ನೊಂದು ಸಲ ಹೋದಾಗ ಪ್ಲಗ್ಗನ್ನೇ ಹೊಸದು ಹಾಕಿ, ಕಿಡಿ ಹಾರುವುದನ್ನು ತೋರಿಸಿದ.

“ಅಣ್ಣ, ಗಾಡಿಗೆ ಏನೂ ಆಗಿಲ್ಲ. ನಿಮ್ಮ ಮನೆ ಮುಂದೆ ಅದಕ್ಕೆ ಏನಾಗ್ತದೋ ನನಗೆ ಗೊತ್ತಿಲ್ಲ” ಅಂದ.

ಊರವರಿಗೆ ಅಷ್ಟು ಸಾಕಾಯಿತು. ಒಡತಿ ಹೋದಳು, ಗಾಡಿಯ ಜೀವವೂ ಅವಳ ಹಿಂದೆಯೇ ಹೋಯಿತು ಅಂದರು. ಇವನೊಬ್ಬನನ್ನೇ ಹೊರಲು ಅದಕ್ಕೆ ಮನಸ್ಸಿಲ್ಲ ಅಂದರು. ವ್ಯಾಪಾರಿಗೂ ಹಾಗೇ ಅನ್ನಿಸಿತು.

ಪಾತ್ರೆಗಳು ಪಡಸಾಲೆಯ ಮೂಲೆ ಸೇರಿದವು. ಅವನು ದಿನಾ ಗಾಡಿ ಒರೆಸುವನು. ಬೊಟ್ಟನ್ನು ಮಾತ್ರ ಮುಟ್ಟನು. ಕಿಕ್ ಹೊಡೆದು ನೋಡುವನು. ಒಳಗೆ ಬಂದು ಕೂರುವನು. ಹಿಂದಿನ ಸೀಟು ಕಣ್ಣಿಗೆ ಬಿದ್ದಾಗಲೆಲ್ಲ ಅನ್ನ ಇಳಿಯದು. ಕೊನೆಗೆ ಗುಜರಿಯವನಿಗೆ ಹೇಳಿ ಕಳಿಸಿದ. ಹೇಳಿ ಕಳಿಸಿದ ಮೇಲೆ ಹೊರಗೆ ಬಂದು ಹಿಂದಿನ ಸೀಟನ್ನು ಇನ್ನೊಮ್ಮೆ ಒರೆಸಿದ. ಇದೂ ಹೋದರೆ ಅವಳು ಕೂತಿದ್ದ ಜಾಗ ಅಂತ ಯಾವುದನ್ನು ತೋರಿಸಲಿ? ಆದರೆ ಮಾತು ಕೊಟ್ಟಾಗಿತ್ತು.

ಗುಜರಿಯವನು ಆಟೋ ತಂದು ನಿಲ್ಲಿಸಿದ ದಿನವೇ ವ್ಯಾಪಾರಿಯ ಅತ್ತೆ ಬಂದಳು. ಮಗಳು ಹೋದ ಮೇಲೆ ಅಳಿಯ ಹೇಗಿದ್ದಾನೋ ನೋಡಿ ಹೋಗಲು ಬಂದಿದ್ದಳು. ಸಂಗತಿ ತಿಳಿದು ಗಾಡಿಯ ಬಳಿ ಹೋಗಿ ನಿಂತಳು.

“ಕೊಡೋದಾದ್ರೆ ಕೊಡ್ರಿ ಅಳಿಯಂದ್ರೆ. ಅದಕ್ಕೆ ಮುಂಚೆ ನನ್ನನ್ನ ಒಂದು ಸುತ್ತು ಕರ್ಕೊಂಡು ಹೋಗ್ರಿ. ನನ್ನ ಮಗಳು ಕೂತ ಜಾಗ.”

“ಅದು ಸ್ಟಾರ್ಟ್ ಆಗಲ್ಲ ಅತ್ತೆ.”

ಗುಜರಿಯವನು ನಡುವೆ ಬಾಯಿ ಹಾಕಿದ. “ಅಜ್ಜಿ, ನನ್ನ ಆಟೋ ಹತ್ತಿ. ನಾನು ಸುತ್ತು ಹಾಕಿಸ್ತೀನಿ.”

“ನಿನ್ನ ಆಟೋ ಹತ್ತೋಕೆ ನಾನೇನು ಗುಜರಿಗೆ ಬಿದ್ದೀನಾ? ಸುಮ್ನಿರು.”

ಮುದುಕಿಯ ಮನಸ್ಸು ನೋಯಿಸುವುದು ಬೇಡವೆಂದು ವ್ಯಾಪಾರಿ ಗಾಡಿಯನ್ನು ಅಂಗಳಕ್ಕೆ ಇಳಿಸಿದ. ಕಿಕ್ ಹೊಡೆದು ತೋರಿಸಿದರೆ ಅವಳೇ ಒಪ್ಪುತ್ತಾಳೆ ಅಂದುಕೊಂಡ. ಅವಳು ಸೀಟಿನ ಮೇಲೆ ಕೈಯಿಟ್ಟಳು. ಹತ್ತಲಿಲ್ಲ.

“ಪೆಟ್ರೋಲ್ ಐತಾ ನೋಡ್ರಿ” ಅಂದಳು.

ಎತ್ತಿದ ಕಾಲನ್ನು ಅವನು ಹಾಗೇ ಕೆಳಗಿಟ್ಟ.

“ಯಾಕೆ ಕೇಳಿದ್ರಿ ಅತ್ತೆ?”

“ನನ್ನ ಮಗಳು ಹೇಳಿದ್ಲು. ಅವರ ಗಾಡಿ ಹತ್ತೋ ಹಾಗಿದ್ರೆ ಕೇಳಿ ಹತ್ತವ್ವ, ಇಲ್ಲಾಂದ್ರೆ ನಡೆಸ್ತಾರೆ ಅಂತ.”

ಎಷ್ಟೋ ದಿನಗಳ ಮೇಲೆ ವ್ಯಾಪಾರಿಗೆ ನಗು ಬಂತು. ನಗುತ್ತಲೇ ಮುಚ್ಚಳ ತಿರುಗಿಸಿದ. ‘ಉಸ್’ ಎಂದು ಒಂದು ಸದ್ದು. ಟ್ಯಾಂಕು ಉಸಿರೆಳೆದುಕೊಂಡಿತು. ಆ ಸದ್ದು ಅವನಿಗೆ ಹೊಸದಲ್ಲ. ಹೆಂಡತಿ ಇದ್ದಾಗ ದಿನವೂ ಕೇಳಿದ್ದ. ಕೇಳುತ್ತಿದ್ದೆ ಎಂಬುದು ಈಗ ಗೊತ್ತಾಯಿತು.

ಅತ್ತೆ ಬಗ್ಗಿ ಇಣುಕಿದಳು. “ಐತೆ” ಅಂದಳು.

ಅವನು ಮುಚ್ಚಳ ಹಾಕಿದ. ಕಿಕ್ ಹೊಡೆದ. ಗಾಡಿ ಸ್ಟಾರ್ಟ್ ಆಯಿತು. ಆ ಸದ್ದಿಗೆ ಪಡಸಾಲೆಯ ಪಾತ್ರೆಗಳು ಗಲಗಲ ಅಂದವು.

ಗುಜರಿಯವನು ಬಿಚ್ಚಿದ್ದ ಹಗ್ಗವನ್ನು ಮತ್ತೆ ಸುತ್ತಿಕೊಂಡ. “ಅಜ್ಜಿ, ನನ್ನ ಬೋಣಿ ಕೆಡಿಸಿದ್ರಿ” ಎಂದು ಹೊರಟುಹೋದ.

ವ್ಯಾಪಾರಿ ಅತ್ತೆಯನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿದ. ದಾರಿಯುದ್ದಕ್ಕೂ ಅವನ ಕಣ್ಣಿನಿಂದ ನೀರು ಇಳಿಯಿತು. ಹೆಂಡತಿ ಹೋದ ದಿನ ಬಾರದ ನೀರು. ಅತ್ತೆ ಅವನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. 

ಮನೆಗೆ ಬಂದ ಮೇಲೆ ಅವನು ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸುರಿಯದು, ಗಾಳಿ ಹೋಗಲು ಇನ್ನೊಂದು ಬೇಕು ಎಂಬುದು ಯಾವ ಮನೆಯವರಿಗೂ ಗೊತ್ತು. ಟ್ಯಾಂಕಿಗೂ ಹಾಗೆ ಒಂದು ತೂತಿತ್ತು. ಮುಚ್ಚಳದ ನಡುವೆ, ಸೂಜಿಮೊನೆಯಷ್ಟು. ಅದರ ಮೇಲೆಯೇ ಬೊಟ್ಟು. ವರ್ಷ ವರ್ಷದ ಕುಂಕುಮ ಗಟ್ಟಿಯಾಗಿ ಕೂತು ಗಾಳಿಯ ದಾರಿ ಕಟ್ಟಿತ್ತು. ಟ್ಯಾಂಕಿನ ತುಂಬ ಪೆಟ್ರೋಲ್ ಇದ್ದರೂ, ಮುಚ್ಚಳ ತೆಗೆದು ಗಾಳಿ ಬಿಡದೆ ಅದು ಇಂಜಿನ್ನಿಗೆ ಇಳಿಯುತ್ತಿರಲಿಲ್ಲ.

ಮುಚ್ಚಿದವಳು ಅವಳೇ. ದಿನವೂ ತೆಗೆಸಿದವಳೂ ಅವಳೇ. ಅವಳು ಹೋದ ಮೇಲೆ ಆ ಮುಚ್ಚಳ ತೆಗೆದವನು ಮೆಕ್ಯಾನಿಕ್ ಒಬ್ಬನೇ. ಕೇಳುವವರಿಲ್ಲದೆ ಇವನು ತೆಗೆದಿರಲಿಲ್ಲ.

ಗಾಡಿಗೆ ಮುನಿಸಿರಲಿಲ್ಲ. ಅವಳಿಗೂ ಇರಲಿಲ್ಲ. ವ್ಯಾಪಾರಿಯ ಎದೆಯ ಭಾರ ಇಳಿಯಿತು. ಅಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಮೆಕ್ಯಾನಿಕ್ಕಿಗೆ ತೋರಿಸಿದಾಗ ಅವನು ಹಣೆ ಚಚ್ಚಿಕೊಂಡು ನಕ್ಕ. ಚುಚ್ಚಿ ತೆಗೆಯಲು ಒಂದು ಪಿನ್ನು ಹುಡುಕಿದ. ವ್ಯಾಪಾರಿ ಮುಚ್ಚಳವನ್ನು ಅಂಗೈಯಲ್ಲಿ ಮುಚ್ಚಿಕೊಂಡ.

“ಇರಲಿ ಬಿಡಪ್ಪ.”

“ಇದ್ರೆ ಪ್ರತಿ ಸಲ ತೆಗೆದು ಹಾಕಬೇಕಾಗ್ತದೆ ಅಣ್ಣ.”

“ತೆಗೆದು ಹಾಕ್ತೀನಿ. ಇಷ್ಟು ವರ್ಷ ಅದೇ ತಾನೆ ಮಾಡಿದ್ದು.”

ಮಾರನೆಯ ದಿನ ಅವನು ಪಾತ್ರೆಗಳನ್ನು ಗಾಡಿಗೆ ಕಟ್ಟಿದ. “ಪೆಟ್ರೋಲ್ ಐತಾ?” ಎಂದು ತಾನೇ ಕೇಳಿಕೊಂಡ. ಮುಚ್ಚಳ ತೆಗೆದ. ‘ಉಸ್’ ಅಂದಿತು. “ಐತೆ” ಅಂದ. ಹೊರಟ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಯೋಚಿಸಿ ಹೇಳಿದ: “ಪಿನ್ನಿನಿಂದ ಒಂದು ಸಲ ಚುಚ್ಚಿದ್ದರೆ ಮುಗಿಯುತ್ತಿತ್ತಲ್ಲ, ಗುರುಗಳೇ. ದಿನವೂ ಕೇಳುವ ಕೆಲಸವೇ ಇರುತ್ತಿರಲಿಲ್ಲ.”

 ಗುರು ಅವನ ಮುಖವನ್ನೇ ನೋಡುತ್ತ ಕೇಳಿದರು:

“ರಾತ್ರಿ ನಿದ್ದೆ ಬಂತೇನಪ್ಪ?”

ಶಿಷ್ಯ ‘ಬಂತು’ ಎನ್ನಲು ಬಾಯಿ ತೆರೆದ. ಒಂದು ಉಸಿರು ಒಳಗೆ ಹೋಯಿತು. “ಬರಲಿಲ್ಲ, ಗುರುಗಳೇ” ಅಂದ.