ಹೊಸಿಲು ದಾಟದ ಹಸಿವು

ಹೊಂಬಾಳೆಪಟ್ಟಣದ ಮಲ್ಲರಸನಿಗೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವ ಅಭ್ಯಾಸ. ಅವತ್ತು ಆಸ್ಥಾನದಲ್ಲಿ ಅದು ಸ್ವಲ್ಪ ಜೋರಾಗಿಯೇ ನಡೆದಿತ್ತು.

“ಊರಿಗೆ ಅಂಟುಜ್ವರ ಬಂತು. ಮೊದಲ ವಾರ ಹನ್ನೊಂದು ಜನ ಹೋದರು. ಯಾರೂ ಮನೆಯ ಹೊಸಿಲು ದಾಟಕೂಡದು, ದಾಟಿದರೆ ನೂರು ಛಡಿ ಏಟು ಎಂದು ಡಂಗುರ ಹೊಡೆಸಿದೆ. ಅರಸನಾದ ನನಗೂ ಅದೇ ಕಟ್ಟಳೆ ಎಂದೆ. ವೈದ್ಯರು, ಅರಮನೆಯ ಚಾಕರರು ನಾಲ್ವರು ಬಿಟ್ಟರೆ ಬೀದಿಯಲ್ಲಿ ನಾಯಿಯೂ ಇಲ್ಲ. ಇವತ್ತಿಗೆ ಇಪ್ಪತ್ತು ದಿನ. ಜ್ವರದಿಂದ ಮತ್ತೊಬ್ಬ ಸತ್ತಿಲ್ಲ, ಹಸಿವು ಎಂದು ಒಬ್ಬನೂ ಬಂದಿಲ್ಲ.”

ರಾಜವೈದ್ಯ ಶ್ರೀಕಂಠ ಪಂಡಿತರು ತಲೆದೂಗಿದರು. ಜ್ವರದ ಮಾತು ಸುಳ್ಳಲ್ಲ, ಬಾಗಿಲು ಮುಚ್ಚಿಸಲು ಹೇಳಿದ ಪುಣ್ಯ ಪಂಡಿತರದೇ. ಹಸಿವಿನ ಮಾತಿಗೆ ಮಾತ್ರ ಅರಸನ ಬಳಿ ಇದ್ದ ಸಾಕ್ಷಿ ಒಂದು ಹಳೆಯ ಪದ್ಧತಿ. ದಿನಾ ಮಧ್ಯಾಹ್ನ ಡಂಗುರದ ಕೆಂಚ ಅರಮನೆಯ ಹೆಬ್ಬಾಗಿಲಲ್ಲಿ ನಿಂತು “ಹಸಿದವರು ಇದ್ದೀರಾ?” ಎಂದು ಮೂರು ಸಲ ಕೂಗಬೇಕು, ಅದು ಮುಗಿಯುವವರೆಗೆ ಅರಸನ ಎಲೆಗೆ ಬಡಿಸುವಂತಿಲ್ಲ. ಯಾರಾದರೂ ಇದ್ದೇನೆ ಎಂದರೆ, ಅವರಿಗೆ ಹೊರಜಗಲಿಯಲ್ಲಿ ಬಡಿಸಿದ ಮೇಲೆಯೇ ಅರಸನ ಊಟ. ಇಪ್ಪತ್ತು ದಿನದಿಂದ ಕೆಂಚ ಖಾಲಿ ಬೀದಿಗೆ ಕೂಗುತ್ತಿದ್ದ, ಅರಸ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದ.

“ಒಂದು ಕೆಮ್ಮೂ ಕೇಳಿಸಲಿಲ್ಲ,” ಎಂದ ಅರಸ.

“ಕೆಮ್ಮಿದರೆ ಊರಾಚೆಯ ಗುಡಿಸಲಿಗೆ ಹಾಕುತ್ತಾರೆ ಪ್ರಭು, ಯಾರು ಕೆಮ್ಮುತ್ತಾರೆ?” ಎಂದ ಓಬಯ್ಯ. ಅರಸನ ಎಲೆಅಡಿಕೆ ತಟ್ಟೆ ಹಿಡಿಯುವುದು ಅವನ ಕೆಲಸ. ನಡುವೆ ಬಾಯಿ ಹಾಕುವುದು ಅವನ ಚಾಳಿ. “ನಮ್ಮ ಬೀದಿಯ ಬಳೆಗಾರ್ತಿ ಮುದ್ದವ್ವನ ಮನೆಯಲ್ಲಿ ಮೂರು ದಿನದಿಂದ ಒಲೆ ಉರಿದಿಲ್ಲ.”

“ಹಾಗಿದ್ದರೆ ಬಂದು ಹೇಳಲಿಲ್ಲವೇಕೆ? ಕತೆ ಕಟ್ಟಬೇಡ. ನಾಳೆ ಕೆಂಚ ಕೂಗಿದಾಗ ಹಸಿದವನೊಬ್ಬ ನನ್ನ ಕಿವಿಗೆ ಬೀಳುವಂತೆ ಉತ್ತರ ಕೊಡಲಿ. ಆದರೆ ಊರಲ್ಲಿ ಒಬ್ಬನೂ ಹೊಸಿಲು ದಾಟಕೂಡದು. ಆಗದಿದ್ದರೆ ಆ ನೂರು ಏಟು ನಿನಗೆ.”

ಸಂಜೆ ಓಬಯ್ಯ ಮುದ್ದವ್ವನ ಕಿಟಕಿಯ ಬಳಿ ದೂರ ನಿಂತು ಇದನ್ನು ಹೇಳಿದ.

“ದಾಟಿ ಬಂದು ಹಸಿವು ಅಂದ್ರೆ ಏಟು. ಒಳಗೇ ಕೂತು ಅಂದ್ರೆ ಕೇಳಿಸಲ್ಲ,” ಎಂದಳು ಮುದ್ದವ್ವ. “ಓಬಯ್ಯಣ್ಣ, ಮಕ್ಕಳು ಅಳೋದನ್ನೂ ಬಿಟ್ಟಿದ್ದಾವೆ.”

ಓಬಯ್ಯ ಪಂಚೆಯಲ್ಲಿ ಕಟ್ಟಿಕೊಂಡಿದ್ದ ಹುರಿಗಡಲೆಯ ಗಂಟನ್ನು ಕಿಟಕಿಯಲ್ಲಿಟ್ಟು, ನೇರ ಕೆಂಚನನ್ನು ಹುಡುಕಿಕೊಂಡು ಹೋದ.

ಮರುದಿನ ಮಧ್ಯಾಹ್ನ ಅರಸ ಮಣೆಯ ಮೇಲೆ ಕೂತ. ಎದುರಿಗೆ ಬಾಳೆಎಲೆ. ಅಡುಗೆಮನೆಯಿಂದ ಬದನೆಕಾಯಿ ಹುಳಿಯ ಒಗ್ಗರಣೆ ಘಮ್ಮೆಂದಿತು. ಹೊರಗೆ ಕೆಂಚ ಕೂಗಿದ, “ಹಸಿದವರು ಇದ್ದೀರಾ?”

ಒಂದು ಸಲ ಆಯಿತು. ಎರಡನೆಯದು ಬರಲೇ ಇಲ್ಲ.

“ಏನಾಯಿತು ಅವನಿಗೆ?”

“ಕಾಯುತ್ತಿದ್ದಾನೆ ಪ್ರಭು. ಜನ ಒಳಗಿದ್ದಾರೆ, ಉತ್ತರ ಗೋಡೆ ದಾಟಿ ಬರಬೇಕಲ್ಲ. ಹೊತ್ತು ಹಿಡಿಯುತ್ತದೆ,” ಎಂದ ಪಕ್ಕದಲ್ಲಿ ನಿಂತಿದ್ದ ಓಬಯ್ಯ.

ಎರಡನೆಯ ಕೂಗು ಬರುವಷ್ಟರಲ್ಲಿ ಹಪ್ಪಳ ಕರಿದ ವಾಸನೆ ಬಂದಿತ್ತು. ಅದಾದ ಮೇಲೆ ತುಪ್ಪ ಕಾಯಿಸಿದ ವಾಸನೆ. ಅರಸ ಎಲೆಗೆ ಮೂರು ಸಲ ನೀರು ಚಿಮುಕಿಸಿದ. ಬಿಸಿಲು ಅಂಗಳದ ಆ ಕಡೆಗೆ ಸರಿಯಿತು. ಕೊನೆಗೆ ಕೆಂಚ ರಾಗವಾಗಿ ಎಳೆದ, “ಹಸಿದವರು ಇದ್ದೀರಾ?”

“ನಾನಿದ್ದೇನೆ ಕಣೋ!” ಎಂದು ಅರಸ ಗುಡುಗಿದ. “ಕರುಳು ಸುಡುತ್ತಿದೆ.”

ಓಬಯ್ಯ ತಟ್ಟೆ ಕೆಳಗಿಟ್ಟು ಕೈಮುಗಿದ. “ಹಸಿದವನೊಬ್ಬ ಉತ್ತರ ಕೊಟ್ಟ. ಯಾರೂ ಹೊಸಿಲು ದಾಟಲಿಲ್ಲ. ನನ್ನ ಬೆನ್ನು ಉಳಿಯಿತು ಪ್ರಭು.”

ಅರಸ ಕಣ್ಣು ಪಿಳುಕಿಸಿದ. “ಆಯಿತು ಮಾರಾಯ, ಮೊದಲು ಬಡಿಸು.”

“ಬಡಿಸುವಂತಿಲ್ಲ. ಉತ್ತರ ಕೊಟ್ಟವನಿಗೆ ಹೊರಜಗಲಿಯಲ್ಲಿ ಬಡಿಸಿದ ಮೇಲೆ ತಾನೇ ಅರಸರ ಊಟ?”

ಹಸಿದ ಮನುಷ್ಯ ವಾದ ಮಾಡುವುದಿಲ್ಲ. ಅರಸ ಎದ್ದು ದಡದಡ ನಡೆದೇಬಿಟ್ಟ. ಹೆಬ್ಬಾಗಿಲಲ್ಲಿ ಒಂದು ಕಾಲು ಎತ್ತಿದ್ದಾಗ ಹಿಂದಿನಿಂದ ಓಬಯ್ಯನ ದನಿ ಬಂತು: “ಹೊಸಿಲು ಪ್ರಭು. ನೂರು ಏಟು. ಅರಸರಿಗೂ ಅದೇ ಕಟ್ಟಳೆ.”

ಕಾಲು ಅಲ್ಲೇ ನಿಂತಿತು. ಅರಸ ಹೊರಗಿನ ಜಗಲಿ ನೋಡಿದ, ಒಳಗಿನ ಎಲೆ ನೋಡಿದ. “ಇದೆಂಥ ಹುಚ್ಚು ಪದ್ಧತಿ? ಹಸಿದವನು ಯಾಕೆ ಹೋಗಬೇಕು? ಅವನು ಎಲ್ಲಿದ್ದಾನೋ ಅಲ್ಲಿಗೇ ಅನ್ನ ಬರಲಿ.”

“ಅಪ್ಪಣೆಯೇ?”

“ಅಪ್ಪಣೆ!”

ಕೆಂಚ ಆ ಕ್ಷಣವೇ ಡಂಗುರ ಬಾರಿಸಿಕೊಂಡು ಬೀದಿಗಿಳಿದ. ಹಿಂದೆಯೇ, ಓಬಯ್ಯ ಬೆಳಗ್ಗೆಯೇ ಹೂಡಿಸಿಟ್ಟಿದ್ದ ಮೂರು ಗಾಡಿಗಳು ಅಕ್ಕಿ, ರಾಗಿ, ಬೇಳೆ ಹೊತ್ತು ಹೊರಟವು. ಮೊದಲ ಗಾಡಿ ನಿಂತದ್ದು ಮುದ್ದವ್ವನ ಮನೆಯ ಮುಂದೆ.

ನಾಲ್ಕು ತುತ್ತು ಒಳಗೆ ಹೋದ ಮೇಲೆ ಅರಸನಿಗೆ ನಗು ಬಂತು. “ಗೆದ್ದೆ ಬಿಡು. ಅನ್ನ ಮನೆಗೇ ಹೋಗುತ್ತದಲ್ಲ, ಇನ್ನು ಬಾಗಿಲು ವರ್ಷವಿಡೀ ಮುಚ್ಚಿರಲಿ.”

“ಮುದ್ದವ್ವ ಒಪ್ಪುವುದಿಲ್ಲ ಪ್ರಭು. ಕೂತಲ್ಲೇ ಮೇಯೋಕೆ ನಾನೇನು ಅರಮನೆ ಆನೆಯೇ ಎನ್ನುತ್ತಾಳೆ. ಅವಳಿಗೆ ಬಳೆ ಮಾರಬೇಕು.”

ಮನೆಯಲ್ಲಿ ಬೇಗ ಉಂಡು ಬಂದಿದ್ದ ಪಂಡಿತರು ನಿಧಾನವಾಗಿ ತೇಗಿದರು. “ಬಳೆ ತೊಡಿಸಲು ಕೈ ಹಿಡಿಯಬೇಕು. ಜ್ವರ ಹರಡುವುದೇ ಹಾಗೆ. ಇನ್ನೊಂದು ತಿಂಗಳು ಬಾಗಿಲು ತೆರೆಯುವುದು ಬೇಡ.”

ಇಬ್ಬರ ಮಾತೂ ಸರಿಯೆನಿಸಿ ಅರಸ ಪೇಚಿಗೆ ಬಿದ್ದ. “ಓಬಯ್ಯ, ನೀನೇ ಹೇಳು. ಯಾವಾಗ ತೆರೆಯಲಿ?”

“ನನಗೆ ಜ್ವರದ ಗಂಧಗಾಳಿ ಇಲ್ಲ. ಪಂಡಿತರೇ ಹೇಳಲಿ, ಅವರು ಹೇಳಿದಂತೆಯೇ ನಡೆಯಲಿ. ಆದರೆ ಊಟಕ್ಕೆ ಮುಂಚೆ ಹೇಳಲಿ ಪ್ರಭು. ಉಂಡ ಮೇಲೆ ಯಾರಿಗಾದರೂ ಇನ್ನೊಂದು ತಿಂಗಳು ಸಲೀಸಾಗಿ ಕಾಣುತ್ತದೆ.”

ಅರಸ ನಕ್ಕು ನಕ್ಕು ಮಜ್ಜಿಗೆ ನೆತ್ತಿಗೇರಿಸಿಕೊಂಡ. ಬೆರಳಿನ ಉಂಗುರ ತೆಗೆದು ಓಬಯ್ಯನ ತಟ್ಟೆಗೆ ಹಾಕಿದ.

ಮರುದಿನದ ಸಭೆಯಲ್ಲಿ ಬೆಳಗಿನಿಂದ ಯಾರಿಗೂ ತಿಂಡಿ ಇರಲಿಲ್ಲ. ನಡುಹಗಲಾಗುವಷ್ಟರಲ್ಲಿ ಪಂಡಿತರ ಒಂದು ತಿಂಗಳು ಎಂಟು ದಿನಕ್ಕೆ ಇಳಿಯಿತು. ಅಲ್ಲಿಯವರೆಗೆ ಮುದ್ದವ್ವ ಕಿಟಕಿಯಲ್ಲಿ ಬಳೆ ಇಡಲಿ, ಹೆಂಗಸರು ತಾವೇ ತೊಟ್ಟುಕೊಳ್ಳಲಿ, ದಿನಕ್ಕೊಂದು ಬೀದಿಯವರು ಬರಲಿ ಎಂಬ ಉಪಾಯವೂ ಪಂಡಿತರಿಗೇ ಹೊಳೆಯಿತು. ಹೇಳಿ ಮುಗಿಸಿದವರೇ ಅವರು ಕೇಳಿದ್ದು ಒಂದೇ ಮಾತು: “ಈಗಲಾದರೂ ಎಲೆ ಹಾಕುತ್ತೀರಾ?”